ಬೀಡಿಗೆ ಹಿತ್ತಾಳೆಯ ಬೆಸುಗೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಅಲ್ಲಿ ಹುಟ್ಟಿದ ಜಾವಾ, ಯೆಜ್ಡಿ ಬೈಕುಗಳು ಇನ್ನೂ ಓಡುತ್ತಿವೆ. ಗಾಳಿಯಿಂದಲೇ ತಣಿಯುವ ಎಂಜಿನ್. ಬೀಡು ಕಬ್ಬಿಣದ ಸಿಲಿಂಡರಿನ ಫಿನ್ ಒಂದು ಚೂರು ಮುರಿದರೆ ಗಾಡಿಯೇನೂ ನಿಲ್ಲದು, ಕಣ್ಣಿಗೆ ಮಾತ್ರ ಚುಚ್ಚುತ್ತದೆ.

ಬೀಡು ಮಹಾ ಮುಂಗೋಪಿ. ಒಂದೇ ಕಡೆ ಕಾಯಿಸಿದರೆ ಪಟ್ಟನೆ ಬಿರುಕು ಬಿಡುತ್ತದೆ. ಬಲ್ಲ ಬೆಸುಗೆಗಾರ ಮೊದಲು ಇಡೀ ಸಿಲಿಂಡರನ್ನು ಮೆಲ್ಲಗೆ ಬಿಸಿ ಮಾಡುತ್ತಾನೆ. ಮುರಿದ ಅಂಚನ್ನು ಹೊಳೆಯುವಂತೆ ಉಜ್ಜಿ, ಬಿಳಿಗಾರ ಉದುರಿಸಿ, ಗ್ಯಾಸ್ ಜ್ವಾಲೆಗೆ ಹಿತ್ತಾಳೆ ಕಡ್ಡಿ ಹಿಡಿಯುತ್ತಾನೆ. ಬೀಡು ಕರಗುವುದಿಲ್ಲ, ಕರಗಿದ ಹಿತ್ತಾಳೆ ಅದರ ಮೇಲೆ ಹರಿದು ಕಚ್ಚಿಕೊಳ್ಳುತ್ತದೆ. ಆಮೇಲೆ ಬಿಸಿ ಬೂದಿಯಲ್ಲಿ ಹೂತು ತಾನಾಗಿ ತಣಿಯಲು ಬಿಡಬೇಕು. ಅವಸರದವರು ಅಂಟು ಮೆತ್ತಿ ಕೈತೊಳೆದುಕೊಳ್ಳುತ್ತಾರೆ, ನನಗದು ಸೇರದು. ಹಿತ್ತಾಳೆ ತಣಿದ ಮೇಲೆ ಅರ ಹಿಡಿದು ಫಿನ್ನಿನ ಆಕಾರ ತಂದು ಬಣ್ಣ ಬಳಿದರೆ, ಬೆಸುಗೆ ಉಗುರಿಗೂ ಸಿಗದು. ಕಾವಿಗೆ ಬೋರ್ ಸೊಟ್ಟಗಾಗಿಲ್ಲವೇ ಎಂದು ಗೇಜ್ ಹಾಕಿ ನೋಡಿಯೇ ಪಿಸ್ಟನ್ ಇಳಿಸಬೇಕು.