ನೆರವಿನ ಭಾಷೆ: ಡೀನ್ ಆಚೆಸನ್ನರ ಗ್ರಂಥವನ್ನು ಕುರಿತು

ಅಧಿಕಾರದಿಂದ ಇಳಿದ ಮೇಲೆ ರಾಜಕಾರಣಿಗಳು ಬರೆಯುವ ನೆನಪುಗಳನ್ನು ಸಾಹಿತ್ಯವೆಂದು ಎಣಿಸುವ ವಾಡಿಕೆ ನಮ್ಮಲ್ಲಿ ಕಡಿಮೆ. ಅಮೆರಿಕದ ಡೀನ್ ಆಚೆಸನ್ನರ ‘ಪ್ರೆಸೆಂಟ್ ಅಟ್ ದಿ ಕ್ರಿಯೇಷನ್’ ಈ ಮಾತಿಗೆ ಹೊರತು. 1969ರಲ್ಲಿ ಪ್ರಕಟವಾಗಿ, ಮರುವರ್ಷ ಇತಿಹಾಸಕ್ಕೆಂದು ಮೀಸಲಾದ ಪುಲಿಟ್ಜರ್ ಬಹುಮಾನವನ್ನು ಪಡೆದ ಈ ದಪ್ಪ ಗ್ರಂಥವನ್ನು ನಾನು ಕೈಗೆತ್ತಿಕೊಂಡದ್ದು ಅದರ ಗದ್ಯದ ಕೀರ್ತಿಯನ್ನು ಕೇಳಿ. ಓದಿ ಮುಗಿಸಿದಾಗ ಮನಸ್ಸಿನಲ್ಲಿ ಉಳಿದದ್ದು ಗದ್ಯಕ್ಕಿಂತ ಹೆಚ್ಚಾಗಿ ಒಂದು ಧರ್ಮಸಂಕಟ.

ಕಥಾವಸ್ತು ಎರಡನೆಯ ಮಹಾಯುದ್ಧದ ಹಿಂದುಮುಂದಿನ ಹನ್ನೆರಡು ವರ್ಷಗಳದು. 1947ರ ಫೆಬ್ರವರಿ 21ರಂದು ಬ್ರಿಟನ್ನು ಅಮೆರಿಕಕ್ಕೆ ಒಂದು ಸಂದೇಶ ಕಳುಹಿಸಿತು: ಗ್ರೀಸಿಗೂ ತುರ್ಕಿಗೂ ತಾನು ಕೊಡುತ್ತಿದ್ದ ನೆರವು ಮಾರ್ಚಿ ತಿಂಗಳ ಕೊನೆಗೆ ನಿಲ್ಲುವುದು. ಯುದ್ಧವನ್ನು ಗೆದ್ದ ದೊಡ್ಡ ಮನೆತನ ತನ್ನ ಬೊಕ್ಕಸ ಬರಿದಾಯಿತೆಂದು ಒಪ್ಪಿಕೊಂಡ ಗಳಿಗೆ ಅದು. ಆಗ ಆಚೆಸನ್ನರು ವಿದೇಶಾಂಗ ಖಾತೆಯಲ್ಲಿ ಜನರಲ್ ಮಾರ್ಷಲ್ಲರ ನಂತರದ ಅಧಿಕಾರಿ.

ಒಂದು ವಾರದೊಳಗೆ, ಫೆಬ್ರವರಿ 27ರಂದು, ಅಧ್ಯಕ್ಷ ಟ್ರೂಮನ್ನರು ಕಾಂಗ್ರೆಸ್ಸಿನ ಮುಖಂಡರನ್ನು ಕರೆಸಿದರು. ಈ ಸಭೆಯ ಚಿತ್ರ ಗ್ರಂಥದ ಅತ್ಯುತ್ತಮ ಭಾಗಗಳಲ್ಲಿ ಒಂದು. ಮಾರ್ಷಲ್ಲರ ನಿರೂಪಣೆ ಸಪ್ಪೆಯಾಯಿತು. ಕೇಳಿದವರ ಮನಸ್ಸು ಕರಗಲಿಲ್ಲ. ಆಚೆಸನ್ನರು ಅಪ್ಪಣೆ ಬೇಡಿ ಎದ್ದರು. ಪೀಪಾಯಿಯೊಳಗಿನ ಒಂದು ಕೊಳೆತ ಸೇಬು ಉಳಿದೆಲ್ಲವನ್ನೂ ಕೆಡಿಸುವಂತೆ, ಗ್ರೀಸು ಬಿದ್ದರೆ ರೋಗ ಇರಾನಿಗೂ ಆಫ್ರಿಕಕ್ಕೂ ಇಟಲಿ ಫ್ರಾನ್ಸುಗಳಿಗೂ ಹರಡೀತೆಂದರು. ಸಭೆ ಸ್ತಬ್ಧವಾಯಿತು. ಮಾರ್ಚಿ 12ರಂದು ಟ್ರೂಮನ್ನರು 40 ಕೋಟಿ ಡಾಲರು ಕೇಳಿದರು. ಮೇ 22ರಂದು ಅದು ಕಾನೂನಾಯಿತು. ಒಂದು ಉಪಮೆಯ ಬಲ ಎಷ್ಟೆಂದು ಅಲಂಕಾರಶಾಸ್ತ್ರದ ಪಾಠ ಹೇಳುವ ನನ್ನಂಥವನಿಗೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಫಲ ಕೆಟ್ಟದ್ದೆಂದು ನಾನು ಹೇಳಲಾರೆ. ಜೂನ್ 5ರಂದು ಮಾರ್ಷಲ್ಲರು ಹಾರ್ವರ್ಡಿನಲ್ಲಿ ಆಡಿದ ಮಾತಿನಿಂದ ಹುಟ್ಟಿದ ಯೋಜನೆಗೆ 1948ರ ಏಪ್ರಿಲ್ 3ರಂದು ಅಂಕಿತ ಬಿತ್ತು. ಸುಮಾರು 1,300 ಕೋಟಿ ಡಾಲರುಗಳ ಧಾನ್ಯ, ಕಲ್ಲಿದ್ದಲು, ಯಂತ್ರಗಳು ಹಸಿದ ಯೂರೋಪನ್ನು ಮುಟ್ಟಿದುವು. ನಿಮಗೆ ಬೇಕಾದುದನ್ನು ನೀವೇ ಕಲೆತು ಯೋಚಿಸಿ ತಿಳಿಸಿ ಎಂದು ಪಡೆಯುವವರಿಗೇ ಬಿಟ್ಟದ್ದು ಆ ಯೋಜನೆಯ ಸೌಜನ್ಯ. 16 ದೇಶಗಳು ಪ್ಯಾರಿಸ್ಸಿನಲ್ಲಿ ಸೇರಿ ಲೆಕ್ಕ ಹಾಕಿದುವು.

ಆದರೆ ಭಯದಿಂದ ಪಡೆದ ಹಣ ಭಯದ ದಾರಿಯನ್ನೇ ಹಿಡಿಯುತ್ತದೆ. ರಷ್ಯಾದ ಅಣುಸ್ಫೋಟದ ಸುದ್ದಿ ಬಂದ ಕೆಲವೇ ದಿನಗಳಲ್ಲಿ, 1949ರ ಅಕ್ಟೋಬರ್ 6ರಂದು, ಮಿತ್ರರಾಷ್ಟ್ರಗಳಿಗೆ ಶಸ್ತ್ರ ಒದಗಿಸುವ ಕಾನೂನು ಬಂದಿತು. 1951ರ ಕಾನೂನಿನಲ್ಲಿ ಅನ್ನದ ನೆರವೂ ಆಯುಧದ ನೆರವೂ ‘ಭದ್ರತೆ’ ಎಂಬ ಒಂದೇ ಹೆಸರಿನ ಕೆಳಗೆ ಬಂದುವು. ಇವೆರಡರ ನಡುವಣ 1950ರ ಏಪ್ರಿಲಿನಲ್ಲಿ ಸಿದ್ಧವಾದ ರಹಸ್ಯಪತ್ರವೊಂದನ್ನು ಕುರಿತು ಬರೆಯುವಾಗ ಆಚೆಸನ್ನರು ತಮ್ಮ ಗುಟ್ಟನ್ನು ತಾವೇ ಬಿಚ್ಚಿದ್ದಾರೆ. ಸಾಮಾನ್ಯ ಪ್ರಜೆ ಹೊರಜಗತ್ತಿನ ಚಿಂತೆಗೆ ದಿನಕ್ಕೆ ಹತ್ತು ನಿಮಿಷ ಕೊಟ್ಟರೆ ಹೆಚ್ಚು, ಅಂಥವನಿಗೆ ‘ಆದರೆ’, ‘ಒಂದು ವೇಳೆ’ಗಳು ಹಿಡಿಸುವುದಿಲ್ಲ, ಆದ್ದರಿಂದ ಸತ್ಯದಲ್ಲಿ ಇರುವುದಕ್ಕಿಂತ ಹೆಚ್ಚಿನ ಸ್ಪಷ್ಟತೆಯನ್ನು ಮಾತಿಗೆ ಕೊಟ್ಟಿದ್ದರೆ, ಪಾಠ ಹೇಳುವವರೆಲ್ಲ ಮಾಡುವುದೂ ಅದನ್ನೇ ಅಲ್ಲವೇ ಎಂಬುದು ಅವರ ಸಮಾಧಾನ.

ಈ ಮಾತು ನನ್ನನ್ನು ಚುಚ್ಚಿತು. ಗಂಟೆ ಬಾರಿಸುವುದರೊಳಗೆ ಪಾಠ ಮುಗಿಸಬೇಕೆಂದು ನಾನೂ ಕವಿಗಳನ್ನು ಎರಡು ವಾಕ್ಯಕ್ಕೆ ಇಳಿಸಿದ್ದುಂಟು. ಆದರೆ ನನ್ನ ವಿದ್ಯಾರ್ಥಿಯ ಕೈಯಲ್ಲಿ ಕವಿಯ ಪುಸ್ತಕವಿದೆ. ನಾನು ತಪ್ಪಿದರೆ ಅವನು ತೆರೆದು ನೋಡಬಹುದು. ಆಚೆಸನ್ನರ ಓದುಗನಿಗೆ ಆ ಅನುಕೂಲವಿರಲಿಲ್ಲ. ಆ ಪತ್ರ ಬೆಳಕು ಕಂಡದ್ದು 1975ರಲ್ಲಿ. ಕಾವ್ಯದಲ್ಲಿ ಅತಿಶಯೋಕ್ತಿ ಅಲಂಕಾರವಾಗುವುದು ಅದು ಅತಿಶಯವೆಂದು ಕೇಳುವವನಿಗೂ ತಿಳಿದಿರುವುದರಿಂದ. ಆ ತಿಳಿವಳಿಕೆಯನ್ನು ಮುಚ್ಚಿಟ್ಟಾಗ ಅದು ಅಲಂಕಾರವಲ್ಲ. ಅಶ್ವತ್ಥಾಮನ ಸಾವನ್ನು ಗಟ್ಟಿಯಾಗಿ ಹೇಳಿ, ಆನೆಯೆಂಬುದನ್ನು ಮೆಲ್ಲಗೆ ಹೇಳಿದಂತೆ. ಧರ್ಮರಾಯನೂ ಯುದ್ಧ ಗೆದ್ದನೆಂಬುದು ನಿಜ. ಆದರೆ ನೆಲವನ್ನು ಮುಟ್ಟದೆ ಓಡುತ್ತಿದ್ದ ಅವನ ರಥ ಅಂದು ನೆಲಕ್ಕಿಳಿಯಿತು.

ಆಚೆಸನ್ನರ ರಥವೂ ಇಳಿಯಿತು. ಈ ನೀತಿ ಎಲ್ಲ ದೇಶಗಳಿಗೂ ತಾನಾಗಿ ಅನ್ವಯಿಸದೆಂದು 1947ರಲ್ಲಿಯೇ ಅವರು ಸೆನೆಟ್ಟಿಗೆ ಹೇಳಿದ್ದರು. ಅದು ಆನೆಯ ಮಾತಿನಂತೆ ಯಾರ ಕಿವಿಗೂ ಬೀಳಲಿಲ್ಲ. ಗ್ರೀಸಿಗೆ ಕೊಟ್ಟವರು ಚೀನಕ್ಕೇಕೆ ಕೊಡಲಿಲ್ಲವೆಂದು ಕೇಳಿ, 1949ರ ತರುವಾಯ ವಿರೋಧಿಗಳು ಅವರನ್ನು ದ್ರೋಹಿಯೆಂಬಂತೆ ಬೆನ್ನಟ್ಟಿದರು. ತಾವು ಕಾಸಿದ ಕಬ್ಬಿಣವೇ ತಮ್ಮನ್ನು ಸುಟ್ಟಿತೆಂಬುದನ್ನು ಇಷ್ಟು ಸೂಕ್ಷ್ಮ ಲೇಖಕರು ಕಾಣದೆ ಹೋದದ್ದು ಗ್ರಂಥದ ದೊಡ್ಡ ಕೊರತೆ.

ಇನ್ನೊಂದು ಕೊರತೆ ನಮಗೆ ಹತ್ತಿರದ್ದು. 1949ರ ಅಕ್ಟೋಬರಿನಲ್ಲಿ ಅಮೆರಿಕಕ್ಕೆ ಹೋದ ನೆಹರೂ ಅವರನ್ನು, ತಾವು ಕಂಡ ಬಹು ಕಷ್ಟದ ಮನುಷ್ಯರಲ್ಲಿ ಒಬ್ಬರೆಂದು ಆಚೆಸನ್ನರು ಬರೆದಿದ್ದಾರೆ. ಏಕಾಂತದಲ್ಲಿಯೂ ಬಹಿರಂಗ ಸಭೆಯಲ್ಲಿ ಮಾತನಾಡಿದಂತೆ ಮಾತನಾಡಿದರೆಂದು ಪರಿಹಾಸ್ಯ ಮಾಡಿದ್ದಾರೆ. ಹಾಸ್ಯ ಸೊಗಸಾಗಿದೆ. ಆದರೆ ಪಕ್ಷ ಸೇರದೆಯೇ ಧಾನ್ಯ ಕೇಳಬೇಕಾದ ದೇಶದ ಸಂಕಟ ಆ ಹಾಸ್ಯದಲ್ಲಿ ಎಲ್ಲಿಯೂ ಇಲ್ಲ. ಕೊಡುವವನ ಕೈಯನ್ನು ಇಷ್ಟು ಚೆನ್ನಾಗಿ ಬಣ್ಣಿಸಿದ ಲೇಖಕರು ಪಡೆಯುವವನ ಮುಖವನ್ನು ನೋಡಲಿಲ್ಲ.

ಆದರೂ ಇದು ಓದಲೇಬೇಕಾದ ಗ್ರಂಥ. ಸೃಷ್ಟಿಯ ವೇಳೆ ತಾನಿದ್ದಿದ್ದರೆ ಒಂದೆರಡು ಸಲಹೆ ಕೊಡುತ್ತಿದ್ದೆನೆಂದು ಹೇಳಿದನೆನ್ನಲಾದ ಕ್ಯಾಸ್ಟೀಲಿನ ದೊರೆ ಹತ್ತನೆಯ ಆಲ್ಫೋನ್ಸೊನ ಮಾತಿನಿಂದ ಇದಕ್ಕೆ ಹೆಸರು ಬಂದಿದೆ. ಆಚೆಸನ್ನರು ಸಲಹೆ ಕೊಟ್ಟರು, ಸೃಷ್ಟಿಯನ್ನೂ ಕಂಡರು. ತಾವು ಹೇಗೆ ಒಪ್ಪಿಸಿದೆವೆಂಬುದನ್ನು ಬಚ್ಚಿಡದೆ ಬರೆದರು. ಅದು ಎಲ್ಲ ಮಂತ್ರಿಗಳಿಗೂ ಸಾಧ್ಯವಲ್ಲ. ಆ ಪುಟವನ್ನು ಓದಿದ ಮೇಲೆ ನಾನು ತರಗತಿಯಲ್ಲಿ ‘ಆದರೆ’ ಎಂಬ ಮಾತನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತಿದ್ದೇನೆ.