15 ಸೆಂಟಿನ ಚೀಟಿ

ಕ್ಲಾರೆನ್ಸ್ ಥಾಮಸ್ ಅಮೆರಿಕದ ಸುಪ್ರೀಂ ಕೋರ್ಟಿನ ಕರಿಯ ನ್ಯಾಯಮೂರ್ತಿ, ಕಟ್ಟಾ ಸಂಪ್ರದಾಯವಾದಿ. 2007ರ ಅವರ ಆತ್ಮಕಥೆ ‘ಮೈ ಗ್ರ್ಯಾಂಡ್‌ಫಾದರ್ಸ್ ಸನ್’ನಲ್ಲಿ, ತಾತ ಸಾಕಿದ ಜಾರ್ಜಿಯಾದ ಬಡಹುಡುಗನ ಪುಟಗಳು ನಮ್ಮವೇ ಅನ್ನಿಸ್ತವೆ. ಕರಿಯರಿಗಿದ್ದ ಆದ್ಯತೆಯಲ್ಲಿ ಯೇಲ್ ಸೇರಿ 1974ರಲ್ಲಿ ಕಾನೂನು ಓದು ಮುಗಿಸಿದರೂ ದೊಡ್ಡ ವಕೀಲರ ಕಂಪನಿಗಳು ಕೆಲಸ ಕೊಡಲಿಲ್ಲ. ಬಣ್ಣದ ಮೇಲೆ ಸೀಟು ಗಿಟ್ಟಿಸಿದವನು ಅನ್ನೋ ಅನುಮಾನ. ಸಿಟ್ಟಿಗೆ 15 ಸೆಂಟಿನ ಬೆಲೆಚೀಟಿಯನ್ನ ಪದವಿಪತ್ರದ ಚೌಕಟ್ಟಿಗೆ ಅಂಟಿಸಿದರಂತೆ.

ಅವಮಾನ ನಿಜ. ಮಾಡಿದ್ದು ಯಾರು? ಕೆಲಸ ಕೊಡದ ಧಣಿಗಳು. ಸಿಟ್ಟು ಮಾತ್ರ ಸೀಟು ಕೊಟ್ಟ ನೀತಿಯ ಮೇಲೆ! 2023ರಲ್ಲಿ ಹಾರ್ವರ್ಡ್ ಮೊಕದ್ದಮೆಯಲ್ಲಿ, ಸಂವಿಧಾನಕ್ಕೆ ಬಣ್ಣ ಕಾಣಬಾರದು ಅಂತ ಆ ಬಾಗಿಲು ಮುಚ್ಚಿದ ಆರು ಜನರಲ್ಲಿ ಇವರೂ ಒಬ್ಬರು. ಹಳೇ ವಿದ್ಯಾರ್ಥಿಗಳ ಮಕ್ಕಳಿಗೆ ಕೊಡೋ ಆದ್ಯತೆ? ಅದು ಶೋಭೆಯಲ್ಲ, ಆದರೆ ಸಂವಿಧಾನ ತಡೆಯೋದಿಲ್ಲ ಅಂತ 2003ರ ಮಿಶಿಗನ್ ಮೊಕದ್ದಮೆಯಲ್ಲೇ ಬರೆದಿಟ್ಟಿದ್ದರು.