ಬೇಲಿ ದಾಟದ ಸುವಾರ್ತೆ

ಇಂದಿನ ಮಧ್ಯಪ್ರದೇಶದ ದಮೋಹದಲ್ಲಿ 1897ರಲ್ಲಿ ಮಿಷನರಿ ಕುಟುಂಬವೊಂದರಲ್ಲಿ ಹುಟ್ಟಿ, ಮುಂದೆ ತಾವೂ ಮಧ್ಯಭಾರತದಲ್ಲಿ ಮಿಷನರಿಯಾಗಿದ್ದ ಡೊನಾಲ್ಡ್ ಮ್ಯಾಕ್‌ಗ್ಯಾವ್ರನ್ ಅವರ ‘ದ ಬ್ರಿಡ್ಜಸ್ ಆಫ್ ಗಾಡ್’ (1955) ಮಿಷನ್ ಕಾಂಪೌಂಡಿನ ಪದ್ಧತಿಯನ್ನೇ ಪ್ರಶ್ನಿಸಿದ ಕೃತಿ. ಒಬ್ಬೊಬ್ಬರನ್ನೇ ನಂಟರಿಷ್ಟರಿಂದ ಬಿಡಿಸಿ ತಂದು ಶಾಲೆ, ಆಸ್ಪತ್ರೆ, ನೌಕರಿಗಳ ಆಸರೆಯಲ್ಲಿ ಇರಿಸಿದರೆ ಹುಟ್ಟುವುದು ಪರಾವಲಂಬಿ ಸಭೆಯೇ ಹೊರತು ಬೆಳೆಯುವ ಸಭೆಯಲ್ಲ ಎಂಬ ಅದರ ವಾದಕ್ಕೆ ಕರಾವಳಿಯ ಚರಿತ್ರೆಯಲ್ಲೂ ಆಧಾರವಿದೆ. ಮತಾಂತರದಿಂದ ಕುಲವೃತ್ತಿ ಕಳೆದುಕೊಂಡವರಿಗೆ ಕೆಲಸ ಒದಗಿಸಲು ಬಾಸೆಲ್ ಮಿಷನ್ ನೇಯ್ಗೆಯ ಕಾರ್ಖಾನೆಗಳನ್ನೂ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನೂ ತೆರೆಯಬೇಕಾಯಿತು. ಬೋಧನೆ ಮಾಡುವವರೂ ಸಂಬಳ ಕೊಡುವವರೂ ಒಂದೇ ಸಂಸ್ಥೆಯವರಾದರು. 

ಮ್ಯಾಕ್‌ಗ್ಯಾವ್ರನ್ ಸೂಚಿಸಿದ ಪರಿಹಾರ ‘ಜನಚಳವಳಿ’, ಅಂದರೆ ಒಂದು ಜಾತಿಯೋ ಬುಡಕಟ್ಟೋ ತನ್ನೊಳಗಿನ ನಂಟು ಕಡಿದುಕೊಳ್ಳದೆ ಒಟ್ಟಾಗಿ ಕ್ರಿಸ್ತನತ್ತ ತಿರುಗುವುದು. ಛತ್ತೀಸ್‌ಗಢದ ಸತ್ನಾಮಿಗಳೆಂಬ ದಲಿತ ಸಮುದಾಯದ ನಡುವೆ ಅವರೇ ದುಡಿದಾಗ ಅಂಥ ಚಳವಳಿ ನಿರೀಕ್ಷೆಯಂತೆ ಏಳಲಿಲ್ಲ. ಆದರೂ ಜನಾಂಗ, ಭಾಷೆ, ವರ್ಗಗಳ ಗಡಿ ದಾಟಬೇಕಿಲ್ಲದಿದ್ದರೆ ಜನ ಸುಲಭವಾಗಿ ಕ್ರೈಸ್ತರಾಗುತ್ತಾರೆ ಎಂಬ ಅವರ ‘ಸಜಾತೀಯ ಘಟಕ’ ತತ್ತ್ವ, 1965ರಲ್ಲಿ ಅವರು ಕ್ಯಾಲಿಫೋರ್ನಿಯಾದ ಫುಲ್ಲರ್ ಸೆಮಿನರಿ ಸೇರಿದ ಮೇಲೆ ಅಮೆರಿಕದ ಸಭೆಗಳಿಗೂ ಮೇಲ್ಪಂಕ್ತಿಯಾಯಿತು.

ಲೋಕಸ್ಥಿತಿಯ ವರ್ಣನೆಯಾಗಿ ಈ ತತ್ತ್ವ ಸುಳ್ಳಲ್ಲ. ದೋಷವಿರುವುದು ಮ್ಯಾಕ್‌ಗ್ಯಾವ್ರನ್ ಶಿಷ್ಯತ್ವವನ್ನು ಇಬ್ಭಾಗ ಮಾಡಿದ್ದರಲ್ಲಿ: ಹಳೆಯ ದೈವಗಳನ್ನು ಬಿಟ್ಟು ಕ್ರಿಸ್ತನಿಗೆ ನಿಷ್ಠರಾಗುವುದು ‘ಶಿಷ್ಯರನ್ನಾಗಿಸುವ’ ಹಂತ, ಬದುಕಿನ ರೀತಿನೀತಿಗಳನ್ನು ತಿದ್ದುವುದು ಆನಂತರದ ‘ಪರಿಪೂರ್ಣಗೊಳಿಸುವ’ ಹಂತ. ಜಾತಿ ಬಿಡುವ ಕೆಲಸ ಎರಡನೆಯದಕ್ಕೆ ಸರಿದಾಗ, ಬೆಳವಣಿಗೆಯನ್ನು ತಲೆ ಎಣಿಸಿ ಅಳೆಯುವ ಸಭೆಗೆ ಅದನ್ನು ಮುಂದೂಡುತ್ತಲೇ ಇರಲು ನೆಪ ಸಿಗುತ್ತದೆ. ದಕ್ಷಿಣ ಭಾರತದ ಕೆಲವೆಡೆ ದಲಿತ ಕ್ರೈಸ್ತರ ಸಮಾಧಿಗಳು ಈಗಲೂ ಬೇರೆಯಾಗಿಯೇ ಇವೆ. ಇದಕ್ಕೆ ವ್ಯತಿರಿಕ್ತವಾಗಿ, ಆದಿಸಭೆಯ ಕಾಲದಲ್ಲಿ ಅಂತಿಯೋಕ್ಯದಲ್ಲಿ ಪೇತ್ರನು ಅನ್ಯಜನರೊಂದಿಗಿನ ಊಟದ ಪಂಕ್ತಿಯಿಂದ ಹಿಂದೆ ಸರಿದಾಗ, ಪೌಲನು ಅದನ್ನು ಮುಂದೆ ತಿದ್ದಬಹುದಾದ ನಡತೆಯೆಂದು ಬಿಡದೆ, ಸುವಾರ್ತೆಯ ಸತ್ಯಕ್ಕೇ ವಿರುದ್ಧವೆಂದು ಎಲ್ಲರೆದುರು ಖಂಡಿಸಿದನು. ಲ್ಯಾಟಿನ್ ಅಮೆರಿಕದ ದೇವತಾಶಾಸ್ತ್ರಜ್ಞ ರೆನೆ ಪಡಿಲ್ಲಾ ಹೊಸ ಒಡಂಬಡಿಕೆಯ ಆಧಾರದಿಂದ, ಆದಿಸಭೆ ಬೆಳೆದದ್ದೇ ಇಂಥ ಗಡಿಗಳನ್ನು ಮೀರಿ ಎಂದು ವಾದಿಸಿದರು. ಮದ್ರಾಸಿನ ಬಿಷಪ್ ಆಗಿದ್ದ ಲೆಸ್ಲಿ ನ್ಯೂಬಿಗಿನ್ ‘ದ ಓಪನ್ ಸೀಕ್ರೆಟ್’ನಲ್ಲಿ (1978) ಮ್ಯಾಕ್‌ಗ್ಯಾವ್ರನ್ ಪಂಥವನ್ನು ಸಹಾನುಭೂತಿಯಿಂದಲೇ ಒರೆಗೆ ಹಚ್ಚಿದರು.

ಹಾಗೆಂದು ಟೀಕಾಕಾರರ ಪಕ್ಷ ಪೂರ್ತಿ ಗೆದ್ದಿತೆನ್ನಲಾಗದು. ಏಕೆಂದರೆ ಗಡಿ ದಾಟಿ ಬಂದವನ ಮಗಳ ಮದುವೆಗೆ, ಅವನ ಮನೆಯ ಸಾವಿಗೆ, ಕೈತಪ್ಪಿದ ಹೊಲದ ಪಾಲಿಗೆ ಹೆಗಲು ಕೊಡಲಾಗದ ಸಭೆಗೆ, ನಂಟು ಕಡಿದು ಬಾ ಎಂದು ಅವನನ್ನು ಕರೆಯುವ ಹಕ್ಕು ಎಲ್ಲಿಂದ ಬರುತ್ತದೆಂದು ಮ್ಯಾಕ್‌ಗ್ಯಾವ್ರನ್ ಪಕ್ಷದವರು ಇಂದಿಗೂ ಕೇಳಬಲ್ಲರು.